ನೆಟ್ ಇಲ್ಲದಿದ್ದರೂ ತೆರೆಯುವ ಆಟ: ಗಾಗ್ (GOG) ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ನನ್ನ ಎರಡು ವರ್ಷ

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ರಸ್ತೆಯಲ್ಲಿ, ಸ್ವಲ್ಪ ಒಳಗೆ. ಜುಲೈ ಬಂತೆಂದರೆ ಮರ ಬಿದ್ದು ಕರೆಂಟ್ ಹೋಗುತ್ತದೆ, ಹಿಂದೆಯೇ ನೆಟ್ಟೂ ಹೋಗುತ್ತದೆ. ಎರಡು ವರ್ಷದ ಹಿಂದೆ ಹೀಗೇ ನಾಲ್ಕು ದಿನ ನೆಟ್ ಇರಲಿಲ್ಲ. ಶಾಲೆಗೆ ಮಳೆ ರಜೆ. ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇತ್ತು, ಮಗ ಒಂದು ಆಟ ತೆರೆಯಲು ಹೋದ. ಒಬ್ಬನೇ ಆಡುವ ಆಟ, ಪೂರ್ತಿ ದುಡ್ಡು ಕೊಟ್ಟು ತಗೊಂಡಿದ್ದು. ‘ಲಾಗಿನ್ ಆಗಿ’ ಅಂತ ಪರದೆ ಮೇಲೆ ಬಂತು, ಅಲ್ಲಿಗೇ ನಿಂತಿತು.

“ಅಪ್ಪಾ, ಇದು ನಮ್ಮದೇ ಅಲ್ವಾ?” ಅಂತ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ.

ನೆಟ್ ಬಂದ ಮೇಲೆ ವಿಂಡೋಸಿನ ರಿಸೋರ್ಸ್ ಮಾನಿಟರ್ ತೆರೆದಿಟ್ಟು ಅದೇ ಆಟ ಶುರು ಮಾಡಿದೆ. ಯಾವ ಪ್ರೋಗ್ರಾಂ ಯಾವ ವಿಳಾಸದ ಜೊತೆ ಮಾತಾಡುತ್ತಿದೆ ಅಂತ ಅದರಲ್ಲಿ ಕಾಣುತ್ತದೆ. ಮೆನು ಬರುವ ಮೊದಲೇ ಆಟದ ಹೆಸರಿನ ಎದುರು ಒಂದರ ಕೆಳಗೊಂದು ವಿಳಾಸ ಬರತೊಡಗಿತು. ಮಗ ಇನ್ನೂ ಒಂದು ಬಟನ್ನೂ ಒತ್ತಿರಲಿಲ್ಲ. ಕಳಿಸಿದ ಬೈಟುಗಳ ಲೆಕ್ಕ ಏರುತ್ತಲೇ ಇತ್ತು. ಒಳಗೆ ಏನು ಹೋಗುತ್ತಿದೆ ಅಂತ ನೋಡಲು ದಾರಿಯಿಲ್ಲ, ಎಲ್ಲವೂ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಬೇರೆಯವರು ಓದಲಾಗದ ಸಂಕೇತದಲ್ಲಿರುತ್ತದೆ. ನಮ್ಮ ಜಗಲಿಯಲ್ಲಿ ಕೂತು ಹುಡುಗ ಒಬ್ಬನೇ ಆಡುವುದನ್ನು ಯಾರಿಗೆ, ಯಾಕೆ ಹೇಳಬೇಕು? ಅವತ್ತು ನನಗೆ ನಿಜಕ್ಕೂ ಸಿಟ್ಟು ಬಂತು.

ಇದು ನನ್ನೊಬ್ಬನ ಸಿಟ್ಟಲ್ಲ. 2025ರ ಏಪ್ರಿಲ್‌ನಲ್ಲಿ ಜನರ ಖಾಸಗಿ ಮಾಹಿತಿಯ ಪರವಾಗಿ ಹೋರಾಡುವ ವಿಯೆನ್ನಾದ ನೊಯ್ಬ್ ಎಂಬ ಸಂಸ್ಥೆ, ಆಟ ತಯಾರಿಸುವ ಯೂಬಿಸಾಫ್ಟ್ ಕಂಪನಿ ಮೇಲೆ ಆಸ್ಟ್ರಿಯಾದಲ್ಲಿ ದೂರು ಕೊಟ್ಟಿತು. ಆ ಕಂಪನಿಯ ಫಾರ್ ಕ್ರೈ ಪ್ರೈಮಲ್ ಕೂಡ ಒಬ್ಬರೇ ಆಡುವ ಆಟ. ಅದನ್ನು ಕೊಂಡವರೊಬ್ಬರು ಪರೀಕ್ಷೆ ಮಾಡಿದಾಗ ಹತ್ತು ನಿಮಿಷದಲ್ಲಿ 150 ಸಲ ಅದು ಹೊರಗಿನ ಸರ್ವರ್‌ಗಳನ್ನು ಸಂಪರ್ಕಿಸಿತ್ತು. ಗೂಗಲ್, ಅಮೆಜಾನ್, ಡೇಟಾಡಾಗ್ ಕಂಪನಿಗಳ ಸರ್ವರ್‌ಗಳೂ ಅದರಲ್ಲಿದ್ದವು. ಆಟ ಕೊಂಡಿದ್ದಾರೋ ಇಲ್ಲವೋ ಅಂತ ನೋಡಲು ಹೀಗೆ ಮಾಡುತ್ತೇವೆ ಎಂಬುದು ಕಂಪನಿಯ ವಿವರಣೆ. ಕೊಂಡದ್ದನ್ನು ಒಂದು ಸಲ ನೋಡಿದರೆ ಸಾಲದೇ?

ನೆಟ್ ಕೇಳದ ಆಟ ಹುಡುಕುತ್ತಾ ನಾನು ಗಾಗ್‌ಗೆ ಬಂದೆ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಕಂಪನಿ 2008ರಲ್ಲಿ ಶುರು ಮಾಡಿದ ಅಂಗಡಿ ಇದು. ಇಲ್ಲಿ ಮಾರುವ ಆಟಗಳಿಗೆ, ತೆರೆಯುವಾಗ ಲಾಗಿನ್ ಕೇಳುವಂಥ ಬೀಗ ಇರುವುದಿಲ್ಲ. ಆಟವನ್ನು ಕಂಪ್ಯೂಟರಿಗೆ ಹಾಕುವ ಇನ್‌ಸ್ಟಾಲರ್ ಫೈಲನ್ನೇ ನಮ್ಮ ಕೈಗೆ ಕೊಡುತ್ತಾರೆ. ಇಳಿಸಿಕೊಂಡು ಎತ್ತಿಟ್ಟರೆ ಆಯಿತು, ಆಮೇಲೆ ಯಾರ ಅಪ್ಪಣೆಯೂ ಬೇಡ.

ಮೊದಲು ತಗೊಂಡದ್ದು ಸ್ಟಾರ್‌ಡ್ಯೂ ವ್ಯಾಲಿ ಎಂಬ ತೋಟ ಮಾಡುವ ಆಟ. ಪೆನ್‌ಡ್ರೈವಿಗೆ ಹಾಕಿ, ವೈಫೈ ಆಫ್ ಮಾಡಿ, ಹಳೇ ಲ್ಯಾಪ್‌ಟಾಪಿನಲ್ಲಿ ಇನ್‌ಸ್ಟಾಲ್ ಮಾಡಿದೆ. ಏನನ್ನೂ ಕೇಳದೆ ತೆರೆಯಿತು. ಹೆಸರು, ತೋಟದ ಹೆಸರು ಇಂಥದ್ದಷ್ಟೇ ಕೇಳಿತು, ಅದೂ ಆಟದೊಳಗಿನದು. ಆ ಆಟದಲ್ಲಿ ಮಳೆ ಬಂದ ದಿನ ಗಿಡಕ್ಕೆ ನೀರು ಹಾಕಬೇಕಾಗಿಲ್ಲ. ಮಗನಿಗೆ ಅದು ತುಂಬಾ ಹಿಡಿಸಿತು. ಹೊರಗೂ ಮಳೆ, ಒಳಗೂ ಮಳೆ, ನೆಟ್ ಇಲ್ಲ, ಆಟ ನಡೆಯುತ್ತಿದೆ.

ಒಂದು ವಿಷಯ ಗಮನದಲ್ಲಿರಲಿ. ಗಾಗ್‌ನಲ್ಲಿ ನಾವು ಕೊಂಡ ಆಟಗಳ ಪಟ್ಟಿಯಾದ ಲೈಬ್ರರಿಯಲ್ಲಿ ಆಟದ ಮೇಲೆ ಒತ್ತಿದರೆ ಎದ್ದು ಕಾಣುವುದು ಗ್ಯಾಲಕ್ಸಿ ಎಂಬ ಅವರ ಸಾಫ್ಟ್‌ವೇರ್. ಅದು ಕಡ್ಡಾಯ ಅಲ್ಲ. ಅದನ್ನು ಹಾಕಿಕೊಂಡರೆ ಎಷ್ಟು ಹೊತ್ತು ಆಡಿದಿರಿ ಎಂಬ ಲೆಕ್ಕ ಅಲ್ಲೂ ಇರುತ್ತದೆ. ಗ್ಯಾಲಕ್ಸಿಯ ಕೆಳಗೆ ‘ಆಫ್‌ಲೈನ್ ಬ್ಯಾಕಪ್ ಗೇಮ್ ಇನ್‌ಸ್ಟಾಲರ್ಸ್’ ಅಂತ ಇದೆ, ಅದನ್ನೇ ಒತ್ತಿ. ವಿಚರ್ 3ರಂಥ ದೊಡ್ಡ ಆಟ ನಾಲ್ಕು ನಾಲ್ಕು ಜಿಬಿಯ ತುಂಡುಗಳಾಗಿ ಬರುತ್ತದೆ. ಒಂದು ತುಂಡು ತಪ್ಪಿದರೂ ಇನ್‌ಸ್ಟಾಲ್ ಆಗಲ್ಲ. ನಾನು ಶಿವಮೊಗ್ಗದ ತಂಗಿ ಮನೆಗೆ ಹೋದಾಗ ಒಟ್ಟಿಗೆ ಇಳಿಸಿಕೊಂಡು ಬರುತ್ತೇನೆ.

ಖರೀದಿಗೆ ಇಮೇಲ್ ಕೊಡಲೇಬೇಕು, ಏನೇನು ಕೊಂಡೆವು ಎಂಬುದೂ ಅವರ ಹತ್ತಿರ ಇರುತ್ತದೆ. ಯಾವ ಅಂಗಡಿಗಾದರೂ ಅಷ್ಟು ಬೇಕಾಗುತ್ತದೆ, ನನ್ನ ತಕರಾರಿಲ್ಲ. ಹೊಸ ದೊಡ್ಡ ಆಟಗಳು ಇಲ್ಲಿ ಸಿಗುವುದು ಕಡಿಮೆ. ಇವರೂ ತಪ್ಪೇ ಮಾಡದವರಲ್ಲ. 2021ರ ಸೆಪ್ಟೆಂಬರಿನಲ್ಲಿ ಹಿಟ್‌ಮ್ಯಾನ್ ಆಟ ಇಲ್ಲಿಗೆ ಬಂತು. ಅದರ ಎಷ್ಟೋ ಭಾಗಕ್ಕೆ ನೆಟ್ ಬೇಕಿತ್ತು. ಕೊಂಡವರು ಬಿಡಲಿಲ್ಲ, ಸಾಲು ಸಾಲು ದೂರು ಬರೆದರು. ಅಕ್ಟೋಬರಿನಲ್ಲಿ ಗಾಗ್ ಅದನ್ನು ಮಾರಾಟದಿಂದ ತೆಗೆಯಿತು. ಜನ ಗಟ್ಟಿಯಾಗಿ ಕೇಳಿದ್ದಕ್ಕೆ ಆಯಿತು ಅದು.

ಮಕ್ಕಳಿರುವ ಮನೆಯವರು ಇದನ್ನು ಸುಮ್ನೆ ಬಿಡಬೇಡಿ. ಫೋರ್ಟ್‌ನೈಟ್ ತಯಾರಿಸುವ ಎಪಿಕ್ ಗೇಮ್ಸ್ 13 ವರ್ಷದೊಳಗಿನ ಮಕ್ಕಳ ಮಾಹಿತಿಯನ್ನು ತಂದೆತಾಯಿಯ ಒಪ್ಪಿಗೆ ಇಲ್ಲದೆ ಸಂಗ್ರಹಿಸಿತು ಎಂಬ ಆರೋಪ ಅಮೆರಿಕದಲ್ಲಿ ಬಂತು. 2022ರ ಡಿಸೆಂಬರಿನಲ್ಲಿ 27.5 ಕೋಟಿ ಡಾಲರ್ ದಂಡ ಕಟ್ಟಲು ಅದು ಒಪ್ಪಿಕೊಂಡಿತು. ನಮ್ಮಲ್ಲಿ 2023ರ ಡೇಟಾ ಕಾಯ್ದೆ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು, ಅವರ ವರ್ತನೆಯ ಜಾಡು ಹಿಡಿಯುವ ಹಾಗಿಲ್ಲ. ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ. ಕಂಪನಿಗಳಿಗೆ ತಯಾರಾಗಲು 18 ತಿಂಗಳು ಕೊಟ್ಟಿದ್ದಾರೆ. ಅಲ್ಲಿಯವರೆಗೆ ಮಗನ ಹುಟ್ಟಿದ ತಾರೀಖು ಕೇಳುವ ಪ್ರತಿ ಪರದೆ ಮುಂದೆ ನಾನೇ ಕೂರುತ್ತೇನೆ.

ಗಾಗ್‌ನಲ್ಲಿ ಕೊಂಡ ಆಟ ಸರಿಯಾಗಲಿಲ್ಲ ಅಂದರೆ 30 ದಿನದೊಳಗೆ ವಾಪಸ್ ಕೊಡಬಹುದು, ಆಡಿದ್ದರೂ ಪರವಾಗಿಲ್ಲ. ನನಗೆ ಒಮ್ಮೆಯೂ ಆ ಕೆಲಸ ಬಿದ್ದಿಲ್ಲ. ಈಗ ಎಂಟು ಆಟ ಒಂದು ಹಾರ್ಡ್‌ಡಿಸ್ಕಿನಲ್ಲಿವೆ. ಮಳೆಗಾಲದ ತೇವಕ್ಕೆ ಹಾಳಾಗದಿರಲಿ ಅಂತ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟಿದ್ದೇನೆ. ಮೇಲೆ ಮಗ ತನ್ನ ಹೆಸರು ಬರೆದು ಅಂಟಿಸಿದ್ದಾನೆ.