ಈಜುಕೊಳ ಖಾಲಿ ಮಾಡಿಸಿದ್ದು: ನೀರು ಎಲ್ಲಿಗೆ ಬಿಡೋಣ ಅಂತ ಮೊದಲು ಕೇಳಿದವರು

ಸ್ಯಾನ್ ಹೋಸೆ ಕಡೆ ಹಿತ್ತಲಲ್ಲಿ ಈಜುಕೊಳ ಇರುವ ಮನೆ ತಗೊಂಡಿರುವ ಕನ್ನಡದವರಿಗೆ ಇದು ಉಪಯೋಗಕ್ಕೆ ಬರಬಹುದು. ಹೋದ ತಿಂಗಳು ನಮ್ಮ ಕೊಳದ ನೀರು ತೆಗೆಸಿದೆವು. ವರ್ಷಗಟ್ಟಲೆ ಕ್ಲೋರಿನ್ ಮಾತ್ರೆ ಹಾಕಿ ಹಾಕಿ ನೀರಿನಲ್ಲಿ ಸಯನ್ಯೂರಿಕ್ ಆಸಿಡ್ (ಕ್ಲೋರಿನ್ ಬಿಸಿಲಿಗೆ ಹಾಳಾಗದ ಹಾಗೆ ಕಾಪಾಡುವ, ಮಾತ್ರೆಯಿಂದಲೇ ನೀರಿಗೆ ಸೇರುವ ರಾಸಾಯನಿಕ) ಜಾಸ್ತಿ ಆಗಿತ್ತು. ಅದು ಬಿಸಿಲಿಗೆ ಆರಿ ಹೋಗುವಂಥದ್ದಲ್ಲ, ಫಿಲ್ಟರ್‌ಗೂ ಸಿಗುವುದಿಲ್ಲ, ಆಮೇಲೆ ಎಷ್ಟು ಕ್ಲೋರಿನ್ ಸುರಿದರೂ ಪಾಚಿ ಕಟ್ಟುತ್ತಲೇ ಇರುತ್ತದೆ.

ಮೊದಲು ಕರೆಸಿದವರ ಹೆಸರು ಬೇಡ. ಬಂದವರೇ ಪಂಪ್ ಇಳಿಸಿ, ಹೋಸ್ ಪೈಪನ್ನು ಸೀದಾ ರಸ್ತೆ ಬದಿಯ ಚರಂಡಿ ಬಾಯಿಗೆ ಎಳೆದರು. ಅಲ್ಲೇ ಪಕ್ಕದಲ್ಲಿ ‘ಏನೂ ಸುರಿಯಬೇಡಿ, ಇದು ಕೊಲ್ಲಿಗೆ ಹರಿಯುತ್ತದೆ’ ಅಂತ ಇಂಗ್ಲಿಷಿನಲ್ಲಿ ಬರೆದಿದೆ! ನಾನು ಪಂಪ್ ಹಾಕಲು ಬಿಡಲಿಲ್ಲ. ಎಲ್ಲರೂ ಹೀಗೇ ಮಾಡೋದು ಅಂದರು. ವಾಪಸ್ ಕಳಿಸಿದೆ.

ಇಲ್ಲಿ ಮಳೆನೀರಿನ ಚರಂಡಿ ಬೇರೆ, ಮನೆಯ ಒಳಚರಂಡಿ ಬೇರೆ. ಮಳೆನೀರಿನದ್ದು ಎಲ್ಲೂ ಶುದ್ಧ ಆಗದೆ ಗ್ವಾಡಲೂಪೆ ನದಿಗೋ ಕಯೋಟೆ ಹಳ್ಳಕ್ಕೋ ಸೇರುತ್ತದೆ, ನಮ್ಮ ಬೆಂಗಳೂರಿನ ರಾಜಕಾಲುವೆ ಕೆರೆಗೆ ಸೇರುವ ಹಾಗೆ. ಗ್ವಾಡಲೂಪೆಯಲ್ಲಿ ಇವತ್ತಿಗೂ ಸಾಲ್ಮನ್ ಮೀನು ಹತ್ತಿ ಬರುತ್ತವೆ. ನಾವು ಆರಾಮಾಗಿ ಈಜುವ ನೀರಿನ ಕ್ಲೋರಿನ್ ಅವುಗಳ ಕಿವಿರು ಸುಡಲು ಸಾಕು. ಪಾಚಿಗೆ ಅಂತ ಹಾಕುವ ತಾಮ್ರದ ಔಷಧಿಯೂ ಮೀನಿಗೆ ವಿಷವೇ. ಅದಕ್ಕೇ ಕೊಳದ ನೀರು ಒಳಚರಂಡಿಗೇ ಹೋಗಬೇಕು ಅನ್ನುವ ನಿಯಮ.

ಎರಡನೆಯವರು ಒಂದೇ ವ್ಯಾನ್ ಇಟ್ಟುಕೊಂಡ ಅಪ್ಪ ಮಗ. ಒಂದು ವಾರ ಕ್ಲೋರಿನ್ ಹಾಕಬೇಡಿ ಅಂತ ಫೋನಿನಲ್ಲೇ ಹೇಳಿದ್ದರು. ಬಂದ ದಿನ ಮಗ ಪರೀಕ್ಷೆ ಪಟ್ಟಿ ಅದ್ದಿ ನನಗೂ ತೋರಿಸಿದ, ಕ್ಲೋರಿನ್ ಚೌಕ ಬೆಳ್ಳಗೇ ಉಳಿಯಿತು, ಅಂದರೆ ನೀರಿನಲ್ಲಿ ಕ್ಲೋರಿನ್ ಉಳಿದಿಲ್ಲ ಅಂತ. ಅಷ್ಟರಲ್ಲಿ ಅಪ್ಪ ಗುಲಾಬಿ ಗಿಡದ ಬುಡ ಕೆದಕಿ ಒಳಚರಂಡಿಯ ಕ್ಲೀನ್‌ಔಟ್ (ಪೈಪು ಕಟ್ಟಿಕೊಂಡರೆ ಬಿಡಿಸಲು ಇಟ್ಟಿರುವ ಬಾಯಿ) ಹುಡುಕಿದರು. ನಾಲ್ಕು ಇಂಚಿನ ಪೈಪು, ತಿರುಪಿನ ಮುಚ್ಚಳ. ಮೂರು ವರ್ಷದಿಂದ ಅದು ಅಲ್ಲಿದೆ ಅಂತ ನನಗೇ ಗೊತ್ತಿರಲಿಲ್ಲ.

ಪೈಪ್ ಇಳಿಸಿದ ಮೇಲೂ ಜೋರಾಗಿ ಬಿಡಲಿಲ್ಲ, ಒಮ್ಮೆಲೇ ನುಗ್ಗಿಸಿದರೆ ಒಳಚರಂಡಿ ತಡೆಯದೆ ಮನೆಯ ಬಚ್ಚಲಲ್ಲೇ ಉಕ್ಕಬಹುದು ಅಂತ. ನಿಮಿಷಕ್ಕೆ 20 ಗ್ಯಾಲನ್ ಲೆಕ್ಕದಲ್ಲಿ ಬಿಟ್ಟರು. ನಮ್ಮದು 18,000 ಗ್ಯಾಲನ್ ಕೊಳ, ಅಂದರೆ ಹತ್ತಿರ ಹತ್ತಿರ 68,000 ಲೀಟರ್. ಮೂರರಲ್ಲಿ ಎರಡು ಪಾಲು ಖಾಲಿಯಾಗಲು ಹತ್ತು ಗಂಟೆ ಹಿಡಿಯಿತು. ಪೂರ್ತಿ ಬೇಡ ಅಂದವರೂ ಅವರೇ. ಕೆಳಗೆ ಅಂತರ್ಜಲ ಮೇಲಿದ್ದರೆ ಬರಿದಾದ ಕೊಳವನ್ನೇ ಎತ್ತಿಬಿಡುತ್ತದಂತೆ.

ತಕರಾರು ಇಲ್ಲ ಅಂತಲ್ಲ. ಒಂದೂವರೆ ಗಂಟೆ ತಡವಾಗಿ ಬಂದರು, ಒಂದು ಫೋನೂ ಇಲ್ಲ. ಮೊದಲನೆಯವರು ಹೇಳಿದ್ದಕ್ಕಿಂತ 150 ಡಾಲರ್ ಜಾಸ್ತಿ ಆಯಿತು. ನನಗೆ ಅದು ದುಬಾರಿ ಅನ್ನಿಸಲಿಲ್ಲ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಅರ್ಧ ಕಳೆದದ್ದು ಆ ತಡಕ್ಕೆ.

ನೀವು ಯಾರನ್ನೇ ಕರೆಸಿ, ನೀರು ಎಲ್ಲಿಗೆ ಬಿಡ್ತೀರಿ ಅಂತ ಫೋನಿನಲ್ಲೇ ಕೇಳಿ. ನಿಮ್ಮ ಊರಿನ ನಗರಸಭೆಗೂ ಒಂದು ಫೋನ್ ಮಾಡಿ, ಊರೂರಿಗೆ ನಿಯಮ ಸ್ವಲ್ಪ ಬೇರೆ ಇರುತ್ತದೆ. ಮಳೆ ಬರುವ ದಿನ ಮಾತ್ರ ಬೇಡ, ಅವತ್ತು ಪೈಪಿನ ಬಿರುಕಿನಿಂದ ಮಳೆನೀರು ಒಳಚರಂಡಿಗೂ ಸೋರಿ ಅದು ಮೊದಲೇ ತುಂಬಿರಬಹುದು.