ಜಿಯೋಜೀಬ್ರಾ ಗ್ರಾಫಿಂಗ್ ಆಪ್: ಎಕ್ಸ್, ವೈ ಲೆಕ್ಕ ಕಣ್ಣಿಗೆ ಕಾಣಬೇಕು ಅನ್ನುವವರಿಗೆ

ಮನೆಯಲ್ಲಿ ಎಂಟನೇ ಕ್ಲಾಸಿಂದ ಎಸ್ಸೆಸ್ಸೆಲ್ಸಿವರೆಗೆ ಓದುವ ಮಕ್ಕಳಿದ್ದರೆ, ಸಮೀಕರಣ ಬರೆದರೆ ಅದರ ಗೆರೆ (ಗ್ರಾಫ್) ಎಳೆದು ತೋರಿಸುವ ಈ ಆಪ್ ಹಾಕಿಕೊಳ್ಳಿ. ದುಡ್ಡು ಕೊಡಬೇಕಿಲ್ಲ, ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದಿದ್ದರೂ ನಡೆಯುತ್ತದೆ. 2001ರಲ್ಲಿ ಆಸ್ಟ್ರಿಯಾದ ಸಾಲ್ಸ್‌ಬರ್ಗ್‌ನಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಶುರುಮಾಡಿದ್ದು ಇದು. 2021ರಲ್ಲಿ ನಮ್ಮ ಬೆಂಗಳೂರಿನ ಬೈಜೂಸ್ ಕೊಂಡುಕೊಂಡ ಮೇಲೂ ಮಕ್ಕಳಿಗೆ ಉಚಿತವಾಗಿಯೇ ಸಿಗುತ್ತಿದೆ.

ಫೋಟೋ ತೆಗೆದರೆ ಉತ್ತರ ಉದುರಿಸುವ ಆಪ್‌ಗಳು ಬೇಕಾದಷ್ಟಿವೆ. ನನಗೆ ಅವು ಇಷ್ಟವಿಲ್ಲ, ಯಾಕಂದ್ರೆ ಮಕ್ಕಳು ಹಂತಗಳನ್ನು ನೋಡಿ ಬರೆದುಕೊಳ್ಳುತ್ತಾರೆ, ಎಕ್ಸ್ ಅಂದರೆ ಏನು ಅನ್ನುವುದು ಮಾತ್ರ ಅವರಿಗೆ ಹಾಗೇ ಮಬ್ಬಾಗಿ ಉಳಿಯುತ್ತದೆ.

ಇಲ್ಲಿ 3ಎಕ್ಸ್ + 5 = 20 ಅನ್ನೋ ಒಂದೇ ಚರಾಕ್ಷರದ (ಬೆಲೆ ಗೊತ್ತಿಲ್ಲದ ಅಕ್ಷರದ) ಲೆಕ್ಕವನ್ನೂ ಎರಡು ಗೆರೆ ಮಾಡಬಹುದು. ವೈ = 3ಎಕ್ಸ್ + 5 ಅಂತ ಒಂದು, ವೈ = 20 ಅಂತ ಇನ್ನೊಂದು. ಅವು ಸೇರುವ ಕಡೆ ಎಕ್ಸ್ ಬೆಲೆ 5. ಎರಡು ಚರಾಕ್ಷರ ಇದ್ದರಂತೂ ಇನ್ನೂ ಚೆನ್ನ: 2ಎಕ್ಸ್ + 3ವೈ = 12, ಎಕ್ಸ್ − ವೈ = 1 ಅಂತ ಹಾಕಿ, ಇಂಟರ್‌ಸೆಕ್ಟ್ (ಗೆರೆಗಳು ಸೇರುವ ಬಿಂದು ತೋರಿಸುವ ಗುಂಡಿ) ಒತ್ತಿ ಎರಡೂ ಗೆರೆ ಮುಟ್ಟಿದರೆ (3, 2) ಬರುತ್ತದೆ. ಮಗು ಮೊದಲು ನೋಟ್‌ಬುಕ್ಕಲ್ಲಿ ವರ್ಜಿಸುವ ವಿಧಾನದಲ್ಲಿ, ಅಂದರೆ ಒಂದು ಚರಾಕ್ಷರವನ್ನು ತೆಗೆದುಹಾಕಿ, ಬಿಡಿಸಲಿ, ಆಮೇಲೆ ಇಲ್ಲಿ ತಾಳೆ ನೋಡಲಿ.

ನಾನು ಇದನ್ನು ಹೊಗಳುವುದಕ್ಕೆ ದೊಡ್ಡ ಕಾರಣ ಸ್ಲೈಡರ್, ಅಂದರೆ ಬೆರಳಿನಿಂದ ಎಳೆದು ಒಂದು ಅಕ್ಷರದ ಬೆಲೆ ಬದಲಿಸುವ ಪಟ್ಟಿ. ಪರಿಹಾರ ಒಂದೇ, ಪರಿಹಾರ ಇಲ್ಲ, ಅಪರಿಮಿತ ಪರಿಹಾರ ಅಂತ ಗುಣಾಂಕಗಳ (ಎಕ್ಸ್, ವೈ ಮುಂದಿರುವ ಸಂಖ್ಯೆಗಳ) ಅನುಪಾತದ ಕೋಷ್ಟಕ ಇದೆಯಲ್ಲ, ಅದನ್ನು ಮಕ್ಕಳು ಸುಮ್ನೆ ಬಾಯಿಪಾಠ ಮಾಡುತ್ತಾರೆ. 2ಎಕ್ಸ್ + 3ವೈ = 2 ಹಾಕಿ, ಕೆಳಗೆ 4ಎಕ್ಸ್ + 6ವೈ = ಸಿ ಅಂತ ಹಾಕಿ, ಸಿ ಬೆಲೆಯನ್ನು ಬೆರಳಿನಿಂದ ಎಳೆಯಿರಿ. ಎರಡನೇ ಗೆರೆ ಸಮಾಂತರವಾಗಿಯೇ ಸರಿಯುತ್ತಾ ಬರುತ್ತದೆ, ಎಲ್ಲೂ ಮೊದಲನೆಯದನ್ನು ಕತ್ತರಿಸುವುದಿಲ್ಲ, ಸಿ ಬೆಲೆ 4 ಆದ ಕೂಡಲೇ ಅದರ ಮೇಲೇ ಕೂತುಬಿಡುತ್ತದೆ. ಇಷ್ಟು ನೋಡಿದ ಮಗುವಿಗೆ ಕೋಷ್ಟಕ ಉರುಹೊಡೆಯುವ ಕೆಲಸ ಏನಿದೆ?

ಕೊರತೆಯೂ ಇದೆ. ಎಕ್ಸ್ + ವೈ = 1, 2ಎಕ್ಸ್ − ವೈ = 0 ಹಾಕಿದರೆ ಬಿಂದು (0.33, 0.67) ಅಂತ ದಶಮಾಂಶದಲ್ಲಿ ಬರುತ್ತದೆ, ನಿಜವಾದ ಉತ್ತರ 1/3, 2/3. ಪರೀಕ್ಷೆಯಲ್ಲಿ 0.33 ಬರೆದರೆ ಅದು ಸರಿಯುತ್ತರ ಅಲ್ಲ, ಮಕ್ಕಳಿಗೆ ಮೊದಲೇ ಹೇಳಿಬಿಡಿ. ಇನ್ನು ಅಪ್ಪನ ವಯಸ್ಸು, ಮಗನ ವಯಸ್ಸು ಅಂತ ಬರುವ ಮಾತಿನ ಲೆಕ್ಕಗಳಿಗೆ ಸಮೀಕರಣ ಕಟ್ಟುವುದು ನಮ್ಮದೇ ಕೆಲಸ. ಚಿಕ್ಕ ಫೋನಲ್ಲಿ ಗೆರೆ ಮುಟ್ಟುವುದು ಸ್ವಲ್ಪ ಕಷ್ಟ, ಟ್ಯಾಬ್ ಇದ್ದರೆ ವಾಸಿ.

ಪ್ಲೇ ಸ್ಟೋರಲ್ಲಿ ಇದೇ ಹೆಸರಿನ ಆಪ್ ಹಲವಿವೆ, ಜಾಮೆಟ್ರಿಗೆ ಬೇರೆ, ತ್ರೀಡಿಗೆ ಬೇರೆ. ಸಮೀಕರಣದ ಪಾಠಕ್ಕೆ ಗ್ರಾಫಿಂಗ್ ಕ್ಯಾಲ್ಕುಲೇಟರ್ ಒಂದೇ ಸಾಕು.