ತಿಂಗಳ ಗುಳಿಗೆ ತಪ್ಪದಂತೆ ನೋಡಿಕೊಳ್ಳುವ ಔಷಧ ಅಂಗಡಿ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಒಂದು ಔಷಧ ಅಂಗಡಿಯಲ್ಲಿ ನಮ್ಮ ತಾಯಿಯವರ ರಕ್ತದೊತ್ತಡದ ಗುಳಿಗೆಗಳನ್ನು ಒಂದು ವರ್ಷದಿಂದ ಕೊಳ್ಳುತ್ತಿದ್ದೇವೆ. ತಲೆನೋವು, ತಲೆಸುತ್ತು ಏನೂ ಇಲ್ಲವೆಂದು ಅವರು ನಡುನಡುವೆ ಗುಳಿಗೆ ಬಿಟ್ಟುಬಿಡುತ್ತಿದ್ದರು. ಆದರೆ ಈ ಕಾಯಿಲೆ ಹೆಚ್ಚಿನವರಲ್ಲಿ ಯಾವ ಲಕ್ಷಣವನ್ನೂ ತೋರಿಸದೆಯೇ ಹೃದಯ, ಮೂತ್ರಪಿಂಡ, ಮಿದುಳುಗಳಿಗೆ ಹಾನಿ ಮಾಡುತ್ತದೆ ಎಂಬುದನ್ನು ಅಂಗಡಿಯ ಫಾರ್ಮಾಸಿಸ್ಟ್ ಅವಸರವಿಲ್ಲದೆ, ಅವರಿಗೆ ಮನದಟ್ಟಾಗುವಂತೆ ತಿಳಿಸಿದರು. ರೊಟ್ಟಿಯ ಜೊತೆಗಿನ ಉಪ್ಪಿನಕಾಯಿ ಕಡಿಮೆ ಮಾಡಲೂ ಹೇಳಿದರು. ಅಮ್ಲೋಡಿಪಿನ್ 5 ಮಿಲಿಗ್ರಾಂ ಸ್ಟ್ರಿಪ್‌ನ ಹಿಂಬದಿಯಲ್ಲಿ ಒಂದೊಂದು ಗುಳಿಗೆಯ ನೇರಕ್ಕೂ ನೀಲಿ ಪೆನ್ನಿನಿಂದ ವಾರದ ಹೆಸರು ಬರೆದುಕೊಡುತ್ತಾರೆ. ಓದು ಬಾರದವರಿಗೆ ಕಾಗದದ ಪೊಟ್ಟಣದ ಮೇಲೆ ಸೂರ್ಯನನ್ನೋ ಚಂದ್ರನನ್ನೋ ಬಿಡಿಸುತ್ತಾರೆ. 30 ದಿನಗಳ ಗುಳಿಗೆ ಮುಗಿಯುವ ಮೂರು ದಿನ ಮೊದಲೇ ಫೋನ್ ಬರುತ್ತದೆ.

ಒಂದು ಕೊರತೆಯನ್ನು ಮಾತ್ರ ಹೇಳಲೇಬೇಕು. ಶ್ರಾವಣದಲ್ಲಿ ಏನೂ ತಿಳಿಸದೆ ಬೇರೆ ಕಂಪನಿಯ ಗುಳಿಗೆ ಕೊಟ್ಟರು. ಸ್ಟ್ರಿಪ್‌ನ ಬಣ್ಣ ಬದಲಾದುದನ್ನು ಕಂಡು ಇದು ತಮ್ಮ ಔಷಧವಲ್ಲವೆಂದುಕೊಂಡ ತಾಯಿಯವರು ನಾಲ್ಕು ದಿನ ನುಂಗಲೇ ಇಲ್ಲ. ಅಳೆದು ನೋಡಿದಾಗ ಒತ್ತಡ 160/100 ಇತ್ತು. ಒಳಗಿನ ಔಷಧ ಅದೇ ಎಂಬ ಒಂದು ಮಾತು ಆ ದಿನ ಸಾಕಾಗುತ್ತಿತ್ತು. ನಾವು ದೂರಿದ ಮೇಲೆ, ಕಂಪನಿ ಬದಲಾದಾಗಲೆಲ್ಲ ಹಳೆಯ ಮತ್ತು ಹೊಸ ಸ್ಟ್ರಿಪ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ಔಷಧದ ಹೆಸರನ್ನು ಬೆರಳಿಟ್ಟು ತೋರಿಸುತ್ತಿದ್ದಾರೆ.